ಅಮೆಥಿಸ್ಟ್ ಫಾಲ್ಸ್: ಮನೆಯ ಚಪ್ಪರಕ್ಕೆ ಒಗ್ಗುವ ವಿಸ್ಟೀರಿಯಾ

ಏಪ್ರಿಲ್ ಮೊದಲ ವಾರದಲ್ಲಿ ಉತ್ತರ ಕ್ಯಾರೊಲಿನಾದ ರಾಲೀ ನಗರದ ಹೊರವಲಯದಲ್ಲಿ ಓಡಾಡಿದವರು ಪೈನ್ ಮರಗಳ ನೆತ್ತಿಯಿಂದ ಜೋತುಬಿದ್ದ ನೇರಳೆ ಗೊಂಚಲುಗಳನ್ನು ಖಂಡಿತ ಕಂಡಿರುತ್ತಾರೆ. ಅದು ಚೀನೀ ವಿಸ್ಟೀರಿಯಾ. ಅಲಂಕಾರಕ್ಕೆಂದು 1816ರಲ್ಲಿ ಅಮೆರಿಕಕ್ಕೆ ತಂದ ಈ ಬಳ್ಳಿ ತೋಟದ ಬೇಲಿ ದಾಟಿ ಕಾಡು ಸೇರಿ, ಈಗ ತನಗೆ ಆಸರೆ ಕೊಟ್ಟ ಮರಗಳನ್ನೇ ಬಿಗಿದು ಕೊಲ್ಲುತ್ತಿದೆ. ಅದರ ಚೆಲುವನ್ನು ವರ್ಷ ವರ್ಷ ನೋಡಿ ಮನಸೋತಿದ್ದ ನನಗೆ, ಅಂಥದೇ ಹೂವು ಹಿತ್ತಿಲಲ್ಲಿ ಬೇಕು, ಆದರೆ ಅಂಥ ಹಾವಳಿ ಬೇಡ ಎಂಬ ಆಸೆಯಿತ್ತು. ಆ ಆಸೆಯಿಂದಲೇ 2020ರ ವಸಂತದಲ್ಲಿ ‘ಅಮೆಥಿಸ್ಟ್ ಫಾಲ್ಸ್’ ಎಂಬ ತಳಿಯ ಒಂದು ಸಸಿಯನ್ನು, ಮೂರು ಗ್ಯಾಲನ್ ಕುಂಡದಲ್ಲಿದ್ದದ್ದನ್ನು, ಕೊಂಡು ತಂದೆ. ಕೊಂಡ ವಾರದಲ್ಲೇ ಇಂಥ ಗಿಡದ ವಿಮರ್ಶೆ ಬರೆಯಲು ಬರುವುದಿಲ್ಲ. ನಾಲ್ಕಾರು ಋತು ಅದರ ಜೊತೆ ಕಳೆದ ಮೇಲೆ ಈಗ ಬರೆಯುತ್ತಿದ್ದೇನೆ.

ಇದು ಅಮೆರಿಕದ ಆಗ್ನೇಯ ರಾಜ್ಯಗಳ ಹೊಳೆದಂಡೆಗಳಲ್ಲಿ, ತೇವವಿರುವ ಕಾಡಂಚುಗಳಲ್ಲಿ ತಾನಾಗಿ ಬೆಳೆಯುವ ವಿಸ್ಟೀರಿಯಾ ಫ್ರುಟೆಸೆನ್ಸ್ ಜಾತಿಯ ತಳಿ. ನೆರೆಯ ದಕ್ಷಿಣ ಕ್ಯಾರೊಲಿನಾದ ನರ್ಸರಿಯೊಂದು ಇದನ್ನು ಆಯ್ದು ಮಾರುಕಟ್ಟೆಗೆ ತಂದಿತು. ಬೀಜದಿಂದ ಬೆಳೆಸಿದ ಚೀನೀ ಅಥವಾ ಜಪಾನೀ ವಿಸ್ಟೀರಿಯಾ ಹೂ ಬಿಡಲು ಹತ್ತು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ. ಇದಾದರೋ ಕಡ್ಡಿಯಿಂದ ಬೆಳೆಸಿದ ಸಸಿಯಾದ್ದರಿಂದ, ಎಳೆಯ ಪ್ರಾಯದಲ್ಲೇ ಹೂ ಬಿಡುವ ತಾಯಿಗಿಡದ ಗುಣವನ್ನು ಹಾಗೆಯೇ ಉಳಿಸಿಕೊಂಡಿರುತ್ತದೆ.

ಆದರೂ ನನ್ನ ಬಳ್ಳಿ ಎರಡನೆಯ ವರ್ಷ ಒಂದೇ ಒಂದು ಗೊಂಚಲನ್ನೂ ಬಿಡಲಿಲ್ಲ. ಅದಕ್ಕೆ ಕಾರಣ ತಳಿಯಲ್ಲ, ಸಸಿ ಮಾರಿದ ಅಂಗಡಿಯವರು ಕೊಟ್ಟ ಸಲಹೆ ಮತ್ತು ಅದನ್ನು ಯೋಚಿಸದೆ ಪಾಲಿಸಿದ ನಾನು. ತಿಂಗಳಿಗೊಮ್ಮೆ ಸಾರಜನಕ ಹೆಚ್ಚಿರುವ ಗೊಬ್ಬರ ಹಾಕಿ ಎಂದು ಅವರು ಹೇಳಿದ್ದರು. ಬಳ್ಳಿ ಚಪ್ಪರದ ತುಂಬ ಎಲೆ ಹೊತ್ತು ನಿಂತಿತು. ಊರಿಗೆ ಫೋನು ಮಾಡಿದಾಗ ಅಪ್ಪ ಚಿತ್ರ ನೋಡಿ, “ಗಿಡ ಸೊಕ್ಕಿದೆ, ಗೊಬ್ಬರ ನಿಲ್ಲಿಸು” ಎಂದರು. ವಿಸ್ಟೀರಿಯಾದ ಹೆಸರನ್ನೇ ಕೇಳಿರದ ಅವರಿಗೆ ಅದರ ಎಲೆಯ ಆಕಾರ ನೋಡಿದೊಡನೆ ಅದು ಅವರೆಯ ಬಳಗದ್ದೆಂದು ಗೊತ್ತಾಗಿತ್ತು. ಅವರೆ, ತೊಗರಿಗಳಂತೆ ಇದೂ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಪಡೆಯುತ್ತದೆ. ಮೇಲಿನಿಂದ ನಾವು ಇನ್ನಷ್ಟು ಸುರಿದರೆ ಅದೆಲ್ಲ ಎಲೆಗೆ ಹೋಗುತ್ತದೆ. ಪಕ್ಕದ ಹುಲ್ಲುಹಾಸಿಗೆ ಹಾಕಿದ ಗೊಬ್ಬರವೂ ಬಳ್ಳಿಯ ಬೇರಿಗೆ ತಲುಪುತ್ತದೆ ಎಂಬುದನ್ನು ನೆನಪಿಡಬೇಕು. ಗೊಬ್ಬರ ನಿಲ್ಲಿಸಿದ ಮರುವರ್ಷ ಎಣಿಸಿ ಮೂವತ್ತೊಂದು ಗೊಂಚಲು ಬಂದವು.

ಹೂವಿನ ಬಗ್ಗೆ ನೇರವಾಗಿ ಹೇಳುತ್ತೇನೆ: ಜಪಾನಿನ ಚಪ್ಪರಗಳಲ್ಲಿ ತೋರಣದಂತೆ ಇಳಿಬೀಳುವ ಉದ್ದ ಗೊಂಚಲುಗಳನ್ನು ಚಿತ್ರದಲ್ಲಿ ಕಂಡು ಇದನ್ನು ಕೊಳ್ಳುವವರಿಗೆ ನಿರಾಶೆಯಾಗುತ್ತದೆ. ಇದರ ಗೊಂಚಲು ಹತ್ತರಿಂದ ಹದಿನೈದು ಸೆಂಟಿಮೀಟರ್ ಅಷ್ಟೆ, ಒತ್ತಾಗಿ ಜೋಡಿಸಿದಂತೆ, ಸ್ವಲ್ಪ ಗಿಡ್ಡ. ಪರಿಮಳವೂ ಮಂದ. ಇನ್ನೊಂದು ವ್ಯತ್ಯಾಸವೆಂದರೆ, ಚೀನೀ ಬಳ್ಳಿ ಎಲೆ ಬರುವ ಮೊದಲೇ ಬೋಳು ಕೊಂಬೆಯ ಮೇಲೆ ಹೂವಾಗುತ್ತದೆ, ಇದು ಎಲೆ ಮೂಡಿದ ಮೇಲೆ, ಹಸಿರಿನ ನಡುವೆ ಅರಳುತ್ತದೆ. ಆದರೆ ಈ ತಡವೇ ಅದನ್ನು ಕಾಯುತ್ತದೆ. ಏಪ್ರಿಲ್‌ನಲ್ಲಿ ಅನಿರೀಕ್ಷಿತವಾಗಿ ಹಿಮ ಬಿದ್ದ ವರ್ಷ ನೆರೆಮನೆಯ ಚೀನೀ ಬಳ್ಳಿಯ ಮೊಗ್ಗುಗಳೆಲ್ಲ ಕಂದಿಹೋದವು. ನಮ್ಮದು ಮೇ ತಿಂಗಳಲ್ಲಿ ಎಂದಿನಂತೆ ಅರಳಿತು. ಬೇಸಿಗೆಯ ನಡುವೆ ಮತ್ತೊಮ್ಮೆ ಅಲ್ಲೊಂದು ಇಲ್ಲೊಂದು ಗೊಂಚಲು ಬರುವುದು ಈ ತಳಿಯ ದೊಡ್ಡ ಉಪಕಾರ.

ಆರೈಕೆ ಕಷ್ಟದ್ದಲ್ಲ, ಆದರೆ ತಪ್ಪಿಸುವಂತಿಲ್ಲ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗ ಬೇಕು. ಇಲ್ಲಿಯ ಕೆಂಪು ಜೇಡಿಮಣ್ಣಿಗೆ ಕಾಂಪೋಸ್ಟ್ ಬೆರೆಸಿ, ಕುಂಡದ ಎರಡರಷ್ಟು ಅಗಲದ ಗುಂಡಿ ತೋಡಿ ನೆಟ್ಟೆ, ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಬೇರು ನೆನೆಯುವಂತೆ ನೀರು ಕೊಟ್ಟೆ. ಏಷ್ಯಾದ ಬಳ್ಳಿಗಳಷ್ಟು ಪ್ರಚಂಡವಲ್ಲ ಎಂದ ಮಾತ್ರಕ್ಕೆ ತೆಳ್ಳನೆಯ ಜಾಲರಿ ಸಾಕೆಂದು ಯಾರೂ ಭಾವಿಸಬಾರದು. ಆರರಿಂದ ಒಂಬತ್ತು ಮೀಟರ್‌ವರೆಗೆ ಹಬ್ಬುವ ಈ ಬಳ್ಳಿಯ ಕಾಂಡ ವರ್ಷ ಕಳೆದಂತೆ ಮರದಂತಾಗುತ್ತದೆ. ನಾನು ಮೊದಲು ನಿಲ್ಲಿಸಿದ್ದ ಸಪೂರ ಮರದ ಜಾಲರಿ ಮೂರನೆಯ ವರ್ಷ ಬಾಗಿತು; ಕೊನೆಗೆ ದಪ್ಪ ಕಂಬಗಳನ್ನು ಕಾಂಕ್ರೀಟಿನಲ್ಲಿ ನೆಟ್ಟು, ತುಕ್ಕು ಹಿಡಿಯದ ತಂತಿ ಎಳೆದು, ಬಳ್ಳಿಯನ್ನು ಬಿಡಿಸಿ ಬಿಡಿಸಿ ಹೊಸದಾಗಿ ಹಬ್ಬಿಸಬೇಕಾಯಿತು. ಮಳೆನೀರಿನ ಕೊಳವೆ, ಮಾಡಿನ ಅಂಚು, ವಿದ್ಯುತ್ ತಂತಿ ಇವುಗಳ ಹತ್ತಿರ ಇದನ್ನು ನೆಡಲೇಬೇಡಿ.

ಸವರುವ ವಿಷಯದಲ್ಲಿ ಈ ತಳಿ ಹೊಸಬರಿಗೂ ಅನುಕೂಲ. ಚೀನೀ ಮತ್ತು ಜಪಾನೀ ಬಳ್ಳಿಗಳ ಹೂಮೊಗ್ಗು ಹಿಂದಿನ ಬೇಸಿಗೆಯಲ್ಲೇ ಸಿದ್ಧವಾಗಿರುವುದರಿಂದ ಚಳಿಗಾಲದಲ್ಲಿ ಅಂದಾಜಿಲ್ಲದೆ ಕತ್ತರಿಸಿದರೆ ಆ ವರ್ಷದ ಹೂವೇ ಹೋಗುತ್ತದೆ. ಇದು ಹೊಸ ಕುಡಿಯ ಮೇಲೆ ಹೂ ಬಿಡುವುದರಿಂದ, ಫೆಬ್ರುವರಿಯಲ್ಲಿ ಪಕ್ಕದ ಕೊಂಬೆಗಳನ್ನು ಎರಡು ಮೂರು ಕಣ್ಣು ಉಳಿಸಿ ಧೈರ್ಯವಾಗಿ ಸವರಬಹುದು. ಬೇಸಿಗೆಯಲ್ಲಿ ಚಾಟಿಯಂತೆ ಹೊರಚಾಚುವ ಕುಡಿಗಳನ್ನು ಮೊಟಕು ಮಾಡಿದರೆ ಸಾಕು.

ಮಕ್ಕಳಿರುವ ಮನೆಯವರಿಗೆ ಒಂದು ಎಚ್ಚರಿಕೆ. ಕಾಯಿ ನೋಡಲು ಹುರುಳಿಕಾಯಿಯಂತಿದ್ದರೂ ಅದು ವಿಷ, ತಿಂದರೆ ವಾಂತಿ ಭೇದಿಯಾಗುತ್ತದೆ. ನಾನು ಕಾಯಿಗಳನ್ನು ಎಳೆಯವಾಗಿರುವಾಗಲೇ ಕತ್ತರಿಸಿ ಎಸೆಯುತ್ತೇನೆ. ಕೊಳ್ಳುವಾಗ ಚೀಟಿಯ ಮೇಲೆ ಬರಿದೇ ‘ವಿಸ್ಟೀರಿಯಾ’ ಎಂದಿದ್ದರೆ ಕೊಳ್ಳಬೇಡಿ, ಜಾತಿಯ ಹೆಸರು ಕೇಳಿ. ಬೆಳೆದ ಬಳ್ಳಿಯಾದರೆ ಕಾಯಿಯನ್ನು ಮುಟ್ಟಿ ನೋಡಿದರೂ ತಿಳಿಯುತ್ತದೆ: ಏಷ್ಯಾದ ಜಾತಿಗಳದ್ದು ಮಖಮಲ್ಲಿನಂತೆ ರೋಮಭರಿತ, ಅಮೆರಿಕದ್ದು ನುಣುಪು.

ಬೆಂಗಳೂರಿನ ಗೆಳತಿಯರು ಈ ಚಪ್ಪರದ ಚಿತ್ರ ನೋಡಿ, ಆನ್‌ಲೈನ್‌ನಲ್ಲಿ ಬೀಜ ತರಿಸಲೇ ಎಂದು ಕೇಳುತ್ತಾರೆ. ದಯವಿಟ್ಟು ಹಣ ಕಳೆದುಕೊಳ್ಳಬೇಡಿ. ವಿಸ್ಟೀರಿಯಾಕ್ಕೆ ಎಲೆ ಉದುರಿಸಿ ಮಲಗುವಷ್ಟು ಚಳಿಗಾಲ ಬೇಕು, ಬೆಂಗಳೂರಿನ ಚಳಿ ಅದಕ್ಕೆ ಸಾಲದು. ಅಲ್ಲಿ ಪೆಟ್ರಿಯಾ ಬಳ್ಳಿ ಹಾಕಿ. ಉಪ್ಪುಕಾಗದದಂಥ ಒರಟು ಎಲೆಯ ಆ ಬಳ್ಳಿ ನಮ್ಮ ಹವೆಗೆ ಚೆನ್ನಾಗಿ ಹೊಂದಿಕೊಂಡಿದೆ, ನೇರಳೆ ಗೊಂಚಲುಗಳಿಂದ ಗೇಟಿನ ಕಮಾನು ಮುಚ್ಚಿಹೋಗುವಷ್ಟು ಹೂ ಬಿಡುತ್ತದೆ.