ಸೋಲ್ ಚಳಿಗೆ ಲಾಂಗ್ ಪ್ಯಾಡಿಂಗಾ, ಉಣ್ಣೆ ಕೋಟಾ?

ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಮೊದಲ ಚಳಿಗಾಲ, ಒಂದೇ ಒಂದು ಕೋಟು ಕೊಳ್ಳುವಷ್ಟು ದುಡ್ಡು, ಯಾವುದು ತಗೊಳ್ಳಲಿ ಅಂತ ಕೇಳಿದ್ದೀರಿ. ಇಲ್ಲಿ ಜನವರಿಯ ರಾತ್ರಿ ಮೈನಸ್ 10 ಡಿಗ್ರಿಗೂ ಇಳಿಯುವುದುಂಟು. ಬೆಂಗಳೂರಿನ ಸ್ವೆಟರ್ ಸಾಲದು.

ಬೆಚ್ಚಗಿರುವುದೇ ಮುಖ್ಯ ಅಂದರೆ ಪ್ಯಾಡಿಂಗ್. ಮೊಣಕಾಲು ದಾಟುವ, ಪುಕ್ಕ ತುಂಬಿದ ಉದ್ದ ಕೋಟು ಅದು. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ಗೆ ಮುಂಚಿನ ಚಳಿಗಾಲದಲ್ಲಿ ಇದರದೇ ಹುಚ್ಚು. ಬಸ್ ಸ್ಟಾಪಿನಲ್ಲಿ ಗಲ್ಲದವರೆಗೆ ಜಿಪ್ ಎಳೆದುಕೊಂಡರೆ ಒಳಗೆ ಏನು ಹಾಕಿದ್ದೀರಿ ಅನ್ನೋ ಚಿಂತೆಯೇ ಇಲ್ಲ. ಆದರೆ ಮೆಟ್ರೋ ಹೀಟರ್‌ಗೆ ಬೆವರು ಬರುತ್ತದೆ. ತೆಗೆದರೆ ತೊಡೆ ತುಂಬ ಹಾಸಿಗೆಯಷ್ಟು ಗಂಟು.

ಆಫೀಸಿಗೆ ಉಣ್ಣೆ ಕೋಟೇ ಚೆಂದ. ಕಪ್ಪು, ಬೂದು, ಒಂಟೆ ಬಣ್ಣ, ಸ್ವಲ್ಪ ಇಳಿಬಿದ್ದ ಭುಜ. ಚಳಿಗೆ ಸತ್ತರೂ ಕೋಟೇ ಹಾಕ್ತೀನಿ ಅನ್ನುವವರಿಗೆ ಕೊರಿಯನ್ನಲ್ಲಿ 'ಒಲ್‌ಜುಕ್‌ಕೊ' ಅಂತ ಹೆಸರೇ ಇದೆ! ಅವರಲ್ಲಿ ಎಷ್ಟೋ ಜನ ಒಳಗೆ ತೆಳು ಪ್ಯಾಡಿಂಗ್ ಜಾಕೆಟ್ ಹಾಕಿರುತ್ತಾರೆ, ಹೊರಗೆ ಕಾಣುವುದಿಲ್ಲ ಅಷ್ಟೇ.

ಎಕ್ಸ್‌ಪ್ರೆಸ್ ಬಸ್ ಟರ್ಮಿನಲ್ ಕೆಳಗಿನ ಗೋಟು ಮಾಲ್‌ನಲ್ಲಿ ಅಗ್ಗದ ಕೋಟುಗಳಿವೆ. ಅಲ್ಲಿ 'ಫ್ರೀ ಸೈಜ್' ಜಾಸ್ತಿ, ಹಾಕಿ ನೋಡಲು ಎಷ್ಟೋ ಕಡೆ ಬಿಡುವುದಿಲ್ಲ. ಒಳಗಿನ ಚೀಟಿಯಲ್ಲಿ ಉಣ್ಣೆ ಎಷ್ಟು ಪರ್ಸೆಂಟ್ ಅಂತ ಓದಿಯೇ ದುಡ್ಡು ಕೊಡಿ. ಉಣ್ಣೆ ಕೋಟಾದರೆ ಡ್ರೈ ಕ್ಲೀನಿಂಗ್ ಖರ್ಚೂ ಸೇರಿಸಿ.

ಬೆಳಗಿನ ಜಾವ ಹೊರಡುವವರು, ಹೊರಗೆ ನಿಂತು ಕೆಲಸ ಮಾಡುವವರು ಪ್ಯಾಡಿಂಗ್ ತಗೊಳ್ಳಿ. ಮನೆ, ಮೆಟ್ರೋ, ಆಫೀಸು ಅಷ್ಟೇ ಅಂದರೆ ಕೋಟು, ಒಳಗೊಂದು ತೆಳು ಪ್ಯಾಡಿಂಗ್.