ಹಿತ್ತಲಕ್ಕ ಹುಲ್ಲೋ, ಪ್ಲಾಸ್ಟಿಕ್ ಚಾಪಿನೋ, ಪರಸಿ ಕಲ್ಲೋ? ರಾಯಚೂರ ಬಿಸಲಾಗ ಮೂರೂ ಹಾಕಿ ನೋಡೀನಿ

ಮೊದ್ಲ ಜಾಗದ ಅಳತಿ ಹೇಳಿಬಿಡ್ತೀನಿ, ಯಾಕಂದ್ರ ದೊಡ್ಡ ದೊಡ್ಡ ಬಂಗ್ಲೆದ ಫೋಟೋ ನೋಡಿ ಸಣ್ಣ ಹಿತ್ತಲಕ್ಕ ಪ್ಲ್ಯಾನ್ ಹಾಕಿದ್ರ ಏನಾಗ್ತದ ಅಂತ ನಾ ರೊಕ್ಕ ಕೊಟ್ಟು ಕಲತೀನಿ. ನಮ್ಮದು ಲಿಂಗಸುಗೂರು ರೋಡ್ ಕಡೆ ಒಂದು ಲೇಔಟ್. ಹಿತ್ತಲ 24 ಫೂಟು ಉದ್ದ, 14 ಫೂಟು ಅಗಲ, ಎರಡು ಕಡೆ ಕಂಪೌಂಡ್ ಗ್ವಾಡಿ, ಪಡುವಣಕ್ಕ ಬಾಜು ಮನಿಯವ್ರ ಜೊತಿ ಕೂಡಿ ಹಾಕಿಸಿದ ತಂತಿ ಜಾಳಗಿ. ಕೆಳಗ ಎರಿ, ಅಂದ್ರ ಕರಿ ಮಣ್ಣು, ಬೋರಿನ ನೀರು ಸವಳು. ಬಿಸಲಿನ ಬಗ್ಗೆ ನಾ ಏನೂ ಹೇಳಂಗಿಲ್ಲ, ನಮ್ಮಲ್ಲಿ ಮೇ ತಿಂಗಳದಾಗ 40 ಡಿಗ್ರಿ ದಾಟಿದ್ರ ಅದು ಸುದ್ದೀನೇ ಅಲ್ಲ.

ಇದರ ಮ್ಯಾಲ ಲೇಔಟ್ ಕಮಿಟಿಯವ್ರ ರೂಲ್ಸ್ ಬ್ಯಾರೆ. ಬೇಲಿಯಿಂದ 4 ಅಡಿ ಒಳಗ ಮರ ಬೆಳಸಬಾರದು, ಬೇಲಿ ಆಗ್ಲಿ ಅದರ ಮ್ಯಾಲಿನ ಬಳ್ಳಿ ಆಗ್ಲಿ ನೆಲದಿಂದ 5 ಅಡಿಗಿಂತ ಎತ್ತರ ಇರಬಾರದು, ಮುಳ್ಳಿನ ಬಳ್ಳಿ ಬ್ಯಾಡ, ಹಸರು ನೆಟ್ ಕಟ್ಟಂಗಿಲ್ಲ, ಹೋಳಿಯಿಂದ ಮಳಿ ಬೀಳೂತನ ಪೈಪ್ ಹಿಡದು ನೀರು ಬಿಡಂಗಿಲ್ಲ, ಕೊಡದಾಗ ಹಾಕ್ರಿ ಇಲ್ಲ ಡ್ರಿಪ್ ಮಾಡ್ಕೊಳ್ರಿ. ಈ ಚೀಟಿ ಓದಿದಾಗ ನಮ್ಮವ್ವ "ಮರ ಯಾಕ ಬೆಳಸ್ತಾರ, ಜ್ವಾಳ ಹಸನ ಮಾಡೂದಲ್ಲೇನು ಮರ ಅಂದ್ರ" ಅಂದ್ಲು. ಖರೇನೇ, ನಮ್ಮ ಬಾಯಾಗ ಮರ ಅಂದ್ರ ಮೊರ, ಬೇವೂ ಗಿಡ, ಹುಣಸೀನೂ ಗಿಡ, ತುಳಸೀನೂ ಗಿಡ. ಕಡೀಕ ಸೆಕ್ರೆಟರಿನ್ನ ಕೇಳಿದ್ಮ್ಯಾಲ ಗೊತ್ತಾಯ್ತು, ಬೇವು, ಬಾದಾಮಿ, ತೆಂಗು, ನುಗ್ಗಿ ಎಲ್ಲಾ ಬಂದ್, 14 ಫೂಟಿನ ಜಾಗದಾಗ ಎರಡೂ ಕಡೆ 4 ಫೂಟು ಬಿಟ್ರ ಉಳಿಯೂದೇ 6, ಅದರ ನಡುವ ಬೇವು ಹಚ್ಚಿದ್ರ ಅರಿವಿ ಒಣಹಾಕೂದೆಲ್ಲಿ.

ಮೊದಲನೇ ವರ್ಷ ಮೆಕ್ಸಿಕನ್ ಗ್ರಾಸ್, ಅಂದ್ರ ಕಾರ್ಪೆಟ್‌ನಂಗ ಹಾಸೂ ಲಾನ್ ಹುಲ್ಲು. 160 ಚದರ ಫೂಟು, ಮ್ಯಾಲ ಕೆಂಪು ಮಣ್ಣು, ಗೊಬ್ಬರ, ಕೂಲಿ ಎಲ್ಲಾ ಹಿಡದು ಏಳು ಸಾವಿರದ ಹತ್ರ ಹೋಯ್ತು. ಶ್ರಾವಣದಾಗ ಹಾಕ್ಸಿದ್ದೆ, ದೀಪಾವಳಿಗೆ ಎಷ್ಟು ಛಂದ ಆಗಿತ್ತಂದ್ರ ಬಂದವ್ರೆಲ್ಲಾ ಚಪ್ಪಲಿ ಬಿಟ್ಟು ನಿಂದರೋರು. ಊರಿಂದ ಬಂದ ನಮ್ಮಪ್ಪ ಒಬ್ಬಾವ ಮಾತ್ರ ಸುತ್ತ ತಿರಗಿ ನೋಡಿ, "ಹೊಲದಾಗ ಕರಿಕಿ ಕಿತ್ತು ಕಿತ್ತು ನಮ್ಮ ನಡ ಹೋಗ್ಯಾವ, ನೀ ರೊಕ್ಕ ಕೊಟ್ಟು ಹುಲ್ಲು ಹಚ್ಚೀ ಏನಪಾ" ಅಂದ. ಆಗ ನಕ್ಕಿದ್ದೆ. ಹೋಳಿ ಆಯ್ತು, ಪೈಪ್ ಬಂದ್ ಆಯ್ತು, ಅಲ್ಲಿಂದ ನನ್ನ ನಗಿ ಹೋಯ್ತು. ಲೆಕ್ಕ ನೋಡ್ರಿ, ಬ್ಯಾಸಿಗ್ಯಾಗ ಲಾನಿಗೆ ದಿನಾ ಒಂದು ಚದರ ಮೀಟರಿಗೆ ಕಡಿಮಿ ಅಂದ್ರೂ 5-6 ಲೀಟರ್ ನೀರು ಬೇಕು, 160 ಚದರ ಫೂಟು ಅಂದ್ರ 15 ಚದರ ಮೀಟರ್ ಆಗ್ತದ, ಅಲ್ಲಿಗೆ 75-90 ಲೀಟರ್, ಅಂದ್ರ ದಿನಾ ಆರು ಕೊಡ ಹೊರಬೇಕು, ಅದೂ ಹುಲ್ಲಿಗೆ! ಹೊತ್ತೆ, ಒಂದು ತಿಂಗಳು ಹೊತ್ತೆ. ಸವಳ ನೀರಿಗೆ ಮಣ್ಣಿನ ಮ್ಯಾಲ ಬಿಳೇ ಉಪ್ಪಿನ ಪರಿ ಕಟ್ಟಿತು, ಹುಲ್ಲಿನ ತುದಿ ಸುಟ್ಟಂಗಾದ್ವು, ಕೆಳಗಿನ ಎರಿ ಬಿರಕ ಬಿಟ್ಟು ಕಾರ್ಪೆಟ್ ತುಂಡು ತುಂಡಾಗಿ ಮ್ಯಾಲೆದ್ದು ನಿಂತ್ವು. ಮಜಾ ಅಂದ್ರ ಆ ಬಿರಕಿನೊಳಗಿಂದ ಕರಿಕಿ ತಾನ ಬಂತು. ರೊಕ್ಕ ಕೊಟ್ಟದ್ದು ಸತ್ತು, ಪುಕ್ಕಟೆ ಬಂದದ್ದು ಬದುಕಿತು. ನಮ್ಮಪ್ಪಗ ಇನ್ನಾ ಹೇಳಿಲ್ಲ.

ಎರಡನೇದು ಆರ್ಟಿಫಿಶಿಯಲ್ ಗ್ರಾಸ್, ನಮ್ಮ ಮನ್ಯಾಗ ಅದಕ್ಕ ಪ್ಲಾಸ್ಟಿಕ್ ಚಾಪಿ ಅಂತಾರ. ಅಡಗಿಮನಿ ಬಾಗಲ ಮುಂದ 80 ಚದರ ಫೂಟಿನಷ್ಟು ಹಾಸಿದೆ. ನೀರು ಬ್ಯಾಡ, ರೂಲ್ಸಿನ ತಂಟೆ ಇಲ್ಲ, ಒಂದ ದಿನದ ಕೆಲಸ. ಡಿಸೆಂಬರ್ ಜನವರಿಯಾಗ ನಾನೇ ಎಲ್ಲಾರಿಗೂ ಹಾಕ್ಸ್ರಿ ಅಂತ ಹೇಳ್ತಿದ್ದೆ, ಅದಕ್ಕ ಈಗ ಅವ್ರ ಕಡೆ ಮಾಫಿ ಕೇಳ್ತೀನಿ. ಉಗಾದಿ ಆದ ಮ್ಯಾಲ ಒಂದಿನ ಮಧ್ಯಾಹ್ನ ಎರಡಕ್ಕ ಮಗಳು ಬರಿಗಾಲಲೆ ಓಡಿಹೋಗಿ ಕಾಲಿಟ್ಟವಳು ಅಲ್ಲೇ ಒಂಟಿಗಾಲ ಮ್ಯಾಲ ಕುಣದು ಚೀರಿದ್ಲು, ನಾ ಅಂಗೈ ಇಟ್ಟು ನೋಡಿದ್ರ ಹಂಚಿನಂಗ ಕಾದಿತ್ತು, ಮ್ಯಾಲ ಕಾದ ಪ್ಲಾಸ್ಟಿಕ್ಕಿನ ವಾಸನಿ. ಮಳಿಗಾಲದಾಗ ಇನ್ನೊಂದು ತ್ರಾಸು. ಎರಿ ಮಣ್ಣು ನೀರು ಲಗೂನ ಕುಡಿಯಂಗಿಲ್ಲ, ಚಾಪಿ ಕೆಳಗ ನೀರು ನಿಂತು ನಾತ ಹೊಡೀತು, ಬೆಕ್ಕು ಬ್ಯಾರೆ ಅದನ್ನ ತನ್ನ ಪಾಯಖಾನಿ ಮಾಡ್ಕೊಂಡಿತ್ತು. ಕಿತ್ತು ಮ್ಯಾಲಿನ ಬಾಲ್ಕನಿಗೆ ಹಾಕೀನಿ, ಅಲ್ಲಿ ಮೂಡಣದ ಬಿಸಲು ಅಷ್ಟ ಬೀಳ್ತದ, ನಡೀತದ.

ಮೂರನೇದು ಪರಸಿ. ಶಹಾಬಾದ್ ಪರಸಿ ನಮ್ಮ ಕಡೆ ಹೊಸಾದೇನಲ್ಲ, ಹಳೇ ಮನಿ ಪಡಸಾಲ್ಯಾಗೆಲ್ಲಾ ಅದೇ. ಆದ್ರ ಇದ್ರಾಗೂ ಮೊದ್ಲ ಸಲ ಮೋಸ ಹೋದೆ, ಮೇಸ್ತ್ರಿ ಎರಿ ಮಣ್ಣಿನ ಮ್ಯಾಲ ಎರಡಿಂಚು ಉಸಕ ಹಾಕಿ ಪರಸಿ ಹಾಸಿ ರೊಕ್ಕ ತಗೊಂಡು ಹೋದ. ಎರಿ ಮಳಿಗೆ ಉಬ್ಬತದ, ಬ್ಯಾಸಿಗಿಗೆ ಕುಗ್ಗತದ, ಇದು ಇಲ್ಲಿ ಸಣ್ಣ ಹುಡುಗರಿಗೂ ಗೊತ್ತು. ಒಂದ ಮಳಿಗಾಲಕ್ಕ ಒಂದು ಕಲ್ಲು ಮ್ಯಾಲ ಒಂದು ಕಲ್ಲು ಕೆಳಗ ಆಗಿ ಹಿಂದಿನ ಗೇಟ್ ತೆರೀಲಾರದಂಗ ಆಯ್ತು. ಮತ್ತ ಎಲ್ಲಾ ಕಿತ್ತು, ಒಂದು ಫೂಟು ಎರಿ ತೆಗದು, ಗರಸು (ಕಲ್ಲು ಕೂಡಿದ ಗಟ್ಟಿ ಮಣ್ಣು) ತುಂಬಿ, ನೀರು ಹೊಡದು ಧಮ್ಮಸ್ ಮಾಡಿ, ಮನಿ ಕಡೆಯಿಂದ ಹೊರಗ ಸ್ವಲ್ಪ ಇಳಿಜಾರು ಕೊಟ್ಟು, ಕಲ್ಲಿನ ನಡುವ ಎರಡು ಬೆರಳು ಸಂದಿ ಬಿಟ್ಟು ಹಾಸಿದ್ವಿ. ಎರಡು ಸಲದ್ದು ಕೂಡಿ ಹನ್ನೊಂದು ಸಾವಿರ ಆಯ್ತು, ಮೊದ್ಲೇ ಗರಸು ಹಾಕಿದ್ರ ಏಳಕ್ಕ ಮುಗೀತಿತ್ತು. ಸಂದಿಯಾಗ ಕರಿಕಿ ಬಂದದ, ಬರ್ಲಿ ಅಂತ ಬಿಟ್ಟೀನಿ, ಗಣಪತಿ ಹಬ್ಬಕ್ಕ ಓಣಿ ಮಂದಿ ಎಲ್ಲಾ ನಮ್ಮಲ್ಲೇ ಬರ್ತಾರ. ಪರಸೀನೂ ಕಾಯ್ತದ ಮತ್ತ, ಸುಳ್ಳು ಹೇಳಂಗಿಲ್ಲ. ಆದ್ರ ಸಂಜೀಕ ಎರಡು ಕೊಡ ನೀರು ಹೊಡದ್ರ ಕೂಡಾಕ ಬರ್ತದ, ಚಾಪಿ ಮ್ಯಾಲ ನೀರು ಹಾಕಿದ್ರ ಬರೀ ಜಳಾ ಏಳ್ತಿತ್ತು.

ಇಷ್ಟೆಲ್ಲಾ ಆದ ಮ್ಯಾಲ ತಿಳದದ್ದು ಏನಂದ್ರ ನಾ ಮೂರು ವರ್ಷ ನೆಲದ ಮ್ಯಾಲ ರೊಕ್ಕ ಸುರದೆ, ನೋಡಬೇಕಾಗಿದ್ದು ಪಡುವಣದ ಜಾಳಗಿ. ಸಂಜಿ ಬಿಸಲು ಅಲ್ಲಿಂದ ಬರೂದು. ಮೊದ್ಲ ನರ್ಸರಿಯವ ಕೋನೋಕಾರ್ಪಸ್ ಅನ್ನೂ ಗಿಡ ಹಚ್ಚ್ರಿ, ವರ್ಷದಾಗ ಹಸರು ಗ್ವಾಡಿ ಆಗ್ತದ ಅಂದ. ಅದನ್ನ ಗುಜರಾತಿನಾಗ 2023ರಾಗ ಬಂದ್ ಮಾಡ್ಯಾರ, ಪರಾಗಕ್ಕ ಅಲರ್ಜಿ, ಬೇರು ಪೈಪ್‌ಲೈನ್‌ನಾಗ ಹೊಗ್ತಾವ ಅಂತ, ಹಿಂಗಾಗಿ ಬ್ಯಾಡ ಅಂದೆ. ಕಾಗದದ ಹೂವು ಬಿಸಲಿಗೆ ಜಗ್ಗಂಗಿಲ್ಲ, ನೀರೂ ಕಡಿಮಿ ಸಾಕು, ಖರೇ ಅಂದ್ರ ನನಗ ಬೇಕಾಗಿದ್ದು ಅದೇ, ಮುಳ್ಳು ಅಂತ ಕಮಿಟಿ ಕಿತ್ತಿಸ್ತು. ಮಧುಮಾಲತಿ ಹಚ್ಚಿದೆ, ವಾಸನಿ ಘಮ್ ಅಂತಿತ್ತು, ಆದ್ರ ಒಂದ ಮಳಿಗಾಲಕ್ಕ ಬಾಜು ಮನಿ ಅಕ್ಕಾರ ಅರಿವಿ ಹಗ್ಗದತನ ಹೋಯ್ತು, ತಿಂಗಳಿಗೆ ಎರಡು ಸಲ ಕತ್ತರಸಬೇಕು. ಕಡೀಕ ತೊಂಡಿಕಾಯಿ ಬಳ್ಳಿ. ಕತ್ತರಿಸಿದ್ರ ಬೇಜಾರಿಲ್ಲ, ಮತ್ತ ಚಿಗರ್ತದ, ಒಂದು ಬುಟ್ಟಿ ಎರಿ, ಒಂದು ಬುಟ್ಟಿ ಮಸಾರಿ (ಕೆಂಪು ಮಣ್ಣು), ಅರ್ಧ ಬುಟ್ಟಿ ಕುರಿ ಗೊಬ್ಬರ ಹಾಕಿದ ಗುಂಡಿ, ದಿನಾ ಬುಡಕ್ಕ ಒಂದು ಕೊಡ ನೀರು, ಅಷ್ಟ. ಜಾಳಗಿ ತುಂಬಿದ ಮ್ಯಾಲ ಮೇದಾಗ ಟೇಪ್ ಹಿಡದು ನೋಡೀನಿ, ನಾಕು ಗಂಟೆಕ್ಕ ನೆರಳು ಆರು ಫೂಟು, ಐದಕ್ಕ ಹತ್ತು ಫೂಟು ದಾಟಿತ್ತು. 5 ಅಡಿ ಬೇಲಿಗೆ ಇನ್ನೇನು ಬೇಕು. ಆ ನೆರಳಿನಾಗ ಅರ್ಧ ಕಡದ ಡ್ರಮ್ಮಿನ್ಯಾಗ ಒಂದು ನಿಂಬಿ, ಒಂದು ಕರಿಬೇವು, ಎರಡೂ ತಲಿ ಚಿವುಟಿ ಗಿಡ್ಡ ಇಟ್ಟೀನಿ.

ಸೆಕ್ರೆಟರಿ ಒಮ್ಮಿ ಟೇಪ್ ಹಿಡಕೊಂಡೇ ಬಂದಿದ್ರು, ಬಳ್ಳಿ ತುದಿ ಒಂದು ಗೇಣು ಜಾಸ್ತಿ ಅದ ಅಂದ್ರು. ಕತ್ತರಿ ಅವ್ರ ಕೈಯಾಗೇ ಕೊಟ್ಟೆ. ಕತ್ತರಿಸಿ, ತೊಂಡಿಕಾಯಿ ಒಂದು ಕ್ಯಾರಿಬ್ಯಾಗ್ ತುಂಬ ಒಯ್ದ್ರು.

ನೀವೂ ಹಚ್ಚೂದಿದ್ರ ಮಿರಗ (ಮೃಗಶಿರಾ) ಮಳಿ ಕೂಡಿದ ಮ್ಯಾಲ ಹಚ್ಚ್ರಿ, ಪೆನ್ಸಿಲ್ ದಪ್ಪದ ಕಡ್ಡಿ, ನಾಕು ಗಿಣ್ಣು ಇರಬೇಕು, ಎರಡು ಮಣ್ಣಾಗ ಎರಡು ಮ್ಯಾಲ. ಕಾಯಿ ಬಿಡೂ ಬಳ್ಳಿದ್ದೇ ಕಡ್ಡಿ ತರ್ರಿ, ಗಂಡು ಬಳ್ಳಿ ತಂದ್ರ ನೆರಳಷ್ಟ ಸಿಗ್ತದ, ಪಲ್ಯಾ ಸಿಗಂಗಿಲ್ಲ.