ಹಳೇ ಗಾರ್ಡನ್ ಟ್ರ್ಯಾಕ್ಟರ್‌ಗೆ ಹಿಂದಿನ ಹಿಚ್: ಗೇರ್‌ಬಾಕ್ಸ್ ಸೀಳಿಸಿಕೊಳ್ಳಬೇಡಿ
1960ರ ದಶಕದ ಗಾರ್ಡನ್ ಟ್ರ್ಯಾಕ್ಟರ್, ಅಂದರೆ ತೋಟದ ಕೆಲಸದ ಚಿಕ್ಕ ಟ್ರ್ಯಾಕ್ಟರ್. ‘ಎಲ್ಲ ಮಾಡೆಲ್‌ಗೂ ಕೂರುತ್ತದೆ’ ಎಂದು ಮಾರಿದ ತ್ರೀ-ಪಾಯಿಂಟ್ ಹಿಚ್ (ನೇಗಿಲಿನಂಥ ಸಲಕರಣೆಯನ್ನು ಗಾಡಿಯ ಹಿಂದೆ ಮೂರು ಕಡೆ ಹಿಡಿಯುವ ಜೋಡಣೆ) ಕಿಟ್ ಅನ್ನು ಹಿಂದಿನ ಗೇರ್‌ಬಾಕ್ಸ್ ಹೌಸಿಂಗಿನ, ಅಂದರೆ ಹೊರಕವಚದ, ನಾಲ್ಕೇ ಬೋಲ್ಟುಗಳಿಗೆ ಬಿಗಿದಿದ್ದರು. ಉಳುಮೆ ಸಲೀಸಾಗಿಯೇ ನಡೆಯಿತು. ಆಮೇಲೆ ನೇಗಿಲು ಎತ್ತಿಕೊಂಡು ಉಬ್ಬುತಗ್ಗಿನಲ್ಲಿ ಹೋಗುವಾಗ ಮೇಲಿನ ಬಲ ಬೋಲ್ಟಿನ ಸುತ್ತ ಹೌಸಿಂಗಿನ ಬೀಡು (ಎರಕದ ಕಬ್ಬಿಣ) ಸೀಳಿ ಗೇರ್ ಆಯಿಲ್ ಸುರಿಯತೊಡಗಿತು. ಹಿಚ್ ಮುರಿದರೆ ಇನ್ನೊಂದು ಮಾಡಿಸಬಹುದು. ಈ ವಯಸ್ಸಿನ ಗಾಡಿಯ ಹೌಸಿಂಗ್ ಹೋದರೆ ಗುಜರಿಯಲ್ಲೇ ಹುಡುಕಬೇಕು.

ಎತ್ತಿಕೊಂಡು ಹೋಗುವಾಗಲೇ ಸೀಳಿದ್ದು ಆಕಸ್ಮಿಕವಲ್ಲ. ನೇಗಿಲು ನೆಲದಲ್ಲಿದ್ದಾಗ ಟಾಪ್ ಲಿಂಕ್, ಅಂದರೆ ಹಿಚ್ಚಿನ ಮೇಲಿನ ತೋಳು, ಗಾಡಿಯನ್ನು ಮುಂದಕ್ಕೆ ಒತ್ತುತ್ತದೆ. ಗಾಳಿಯಲ್ಲಿ ತೂಗುವಾಗ ಅದೇ ಲಿಂಕ್ ಹಿಂದಕ್ಕೆ ಜಗ್ಗುತ್ತದೆ, ಪ್ರತಿ ಕುಲುಕಿಗೂ ಆ ಜಗ್ಗಾಟ ಹೆಚ್ಚುತ್ತದೆ. ಬೀಡು ಒತ್ತಡವನ್ನು ಚೆನ್ನಾಗಿ ತಡೆದೀತು, ಎಳೆತವನ್ನು ಅಷ್ಟು ತಡೆಯುವುದಿಲ್ಲ. ಅಲ್ಯೂಮಿನಿಯಂ ಹೌಸಿಂಗ್ ಇರುವ ಗಾಡಿಗಳಿಗಂತೂ ಈ ಬಗೆಯ ಕಿಟ್ ಬೇಡವೇ ಬೇಡ.

ಆದ್ದರಿಂದ ಭಾರ ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ, ಹೋಗಬೇಕು. ಎರಡೂ ಬದಿಗೆ 10 ಮಿ.ಮೀ. ದಪ್ಪದ ಉಕ್ಕಿನ ಪ್ಲೇಟು ಇಟ್ಟು, ಅದನ್ನು ಆಕ್ಸಲ್ ದಾಟಿಸಿ ಮುಂದಕ್ಕೆ ಒಯ್ದು ಚಾಸಿಯ ಪಟ್ಟಿಗೆ ಕನಿಷ್ಠ ಎರಡೆರಡು ಬೋಲ್ಟುಗಳಿಂದ ಬಿಗಿಯಿರಿ. ಟಾಪ್ ಲಿಂಕಿನ ಕಿವಿ (ಪಿನ್ನು ಹಾಕುವ ತೂತಿನ ತುಂಡು) ಈ ಎರಡು ಪ್ಲೇಟುಗಳನ್ನು ಜೋಡಿಸುವ ಅಡ್ಡಪಟ್ಟಿಯ ಮೇಲಿರಲಿ. ಸೀಟಿನ ಕೆಳಗಿನ ತಗಡಿಗೆ ಅದನ್ನು ಸಿಕ್ಕಿಸಿದರೆ ತಗಡು ಹರಿದು ಬರುತ್ತದೆ.

ಬಿಚ್ಚಿ ನೋಡಿದಾಗ ಇನ್ನೊಂದು ತಪ್ಪೂ ಸಿಕ್ಕಿತು, ನಿಜವಾದ ಕೊಲೆಗಾರ ಅದೇ. ಮೇಲಿನ ಬೋಲ್ಟು ಉದ್ದ ಜಾಸ್ತಿಯಾಗಿ ತೂತಿನ ತಳಕ್ಕೆ ತಾಗಿತ್ತು. ಸ್ಪ್ಯಾನರ್‌ಗೆ ಬಿಗಿಯಾದಂತೆ ಅನ್ನಿಸಿದರೂ ಪ್ಲೇಟು ಒಳಗೆ ಅಲುಗಾಡುತ್ತಲೇ ಇತ್ತು. ತೂತಿನ ಆಳವನ್ನು ತಂತಿ ಹಾಕಿ ಅಳೆಯಿರಿ, ಅದಕ್ಕೆ ಪ್ಲೇಟು ಮತ್ತು ವಾಷರಿನ ದಪ್ಪ ಕೂಡಿಸಿ, ಬರುವ ಅಳತೆಗಿಂತ 3 ಮಿ.ಮೀ. ಗಿಡ್ಡ ಬೋಲ್ಟು ಹಾಕಿ. ಥ್ರೆಡ್ ಒಳಗೆ ಹಿಡಿದಿರಬೇಕಾದ ಉದ್ದ ಬೀಡಿನಲ್ಲಿ ಬೋಲ್ಟಿನ ವ್ಯಾಸದ ಒಂದೂವರೆ ಪಟ್ಟು, ಅಲ್ಯೂಮಿನಿಯಂನಲ್ಲಿ ಎರಡು ಪಟ್ಟು. ತಳ ಮುಚ್ಚಿದ ತೂತಿನಲ್ಲಿ ಆಯಿಲ್ ನಿಂತಿದ್ದರೆ ಒರೆಸಿ ತೆಗೆಯಿರಿ: ಬೋಲ್ಟು ಇಳಿಯುವಾಗ ಆ ಆಯಿಲ್‌ಗೆ ಜಾಗವಿಲ್ಲದೆ ಅದೇ ಎರಕವನ್ನು ಒಡೆಯುತ್ತದೆ.

ಅಮೆರಿಕದ ಹಳೇ ಗಾಡಿಗಳಲ್ಲಿ ಇರುವುದು ಇಂಚಿನ ಥ್ರೆಡ್. ಅರ್ಧ ಇಂಚಿನ ತೂತಿಗೆ 12 ಮಿ.ಮೀ. ಬೋಲ್ಟು ಹಾಕಿದರೆ ಅದು ಸಡಿಲವಾಗಿ ಒಳಗೆ ಹೋಗಿ ಥ್ರೆಡ್ಡನ್ನೇ ಕಿತ್ತುಕೊಂಡು ಬರುತ್ತದೆ. ಬೋಲ್ಟಿನ ಗಟ್ಟಿತನವನ್ನು ಗ್ರೇಡ್ ಹೇಳುತ್ತದೆ; ತಲೆಯ ಮೇಲೆ ಮೂರು ಗೆರೆಯಿರುವ ಗ್ರೇಡ್ 5 ಸಾಕು. ಆರು ಗೆರೆಯ ಗ್ರೇಡ್ 8 ಹಾಕಿದರೆ ಬೋಲ್ಟು ಉಳಿಯುತ್ತದೆ, ಬೀಡು ಹೋಗುತ್ತದೆ. 3/8 ಇಂಚಿನ ಗ್ರೇಡ್ 5 ಬೋಲ್ಟಿಗೆ ಒಣ ಥ್ರೆಡ್ಡಿನಲ್ಲಿ ಸುಮಾರು 40 ನ್ಯೂಟನ್ ಮೀಟರ್ ಟಾರ್ಕ್ (ಬಿಗಿಯುವ ತಿರುಚು ಬಲ). ಎಣ್ಣೆ ಸವರಿದ್ದರೆ ಕಾಲು ಭಾಗ ಇಳಿಸಿ. ಗಾಡಿಯ ಮ್ಯಾನುಯಲ್ ಬೇರೆ ಹೇಳಿದರೆ ಅದೇ ಅಂತಿಮ. ಪ್ಲೇಟಿನ ಕೆಳಗಿನ ಬಣ್ಣ, ತುಕ್ಕು ಪೂರ್ತಿ ಕೆರೆಯಿರಿ. ಬಣ್ಣ ನಜ್ಜಾದಂತೆ ಬಿಗಿ ಸಡಿಲವಾಗುತ್ತದೆ.

ಹೌಸಿಂಗಿಗೆ ನೇರ ವೆಲ್ಡಿಂಗ್ ಮಾಡಿಸಬೇಡಿ. ವೆಲ್ಡಿನ ಪಕ್ಕದ ಬೀಡು ಗಡುಸಾಗಿ ಅಲ್ಲೇ ಬಿರುಕು ಬಿಡುತ್ತದೆ, ಪಕ್ಕದ ಆಯಿಲ್ ಸೀಲೂ ಸುಡುತ್ತದೆ.

ಹಿಚ್ಚುಗಳನ್ನು ಗಾತ್ರಕ್ಕೆ ತಕ್ಕಂತೆ ಕ್ಯಾಟಗರಿಗಳಾಗಿ ವಿಂಗಡಿಸುತ್ತಾರೆ. ಚಿಕ್ಕದಾದ ಕ್ಯಾಟಗರಿ 0 ಹಿಚ್ಚಿನ ಪಿನ್ನು 5/8 ಇಂಚು. ಕ್ಯಾಟಗರಿ 1ರ ಕೆಳ ಪಿನ್ನು 7/8 ಇಂಚು. ಕ್ಯಾಟಗರಿ 1ರ ಸಲಕರಣೆಗಳು ಇಷ್ಟು ಚಿಕ್ಕ ಗಾಡಿಗೆ ಬಹುತೇಕ ಭಾರವೇ. ಲೆಕ್ಕ ನೋಡಿ: ಮುಂದಿನ ಮತ್ತು ಹಿಂದಿನ ಆಕ್ಸಲುಗಳ ನಡುವಿನ ದೂರ 120 ಸೆಂ.ಮೀ. ಇದ್ದು, ಹಿಂದಿನ ಆಕ್ಸಲಿನಿಂದ 60 ಸೆಂ.ಮೀ. ಆಚೆ 100 ಕೆ.ಜಿ. ತೂಗಿದರೆ ಮುಂದಿನ ಚಕ್ರಗಳ ಮೇಲಿಂದ 50 ಕೆ.ಜಿ. ಇಳಿಯುತ್ತದೆ, ಸ್ಟೀರಿಂಗ್ ಮಾತು ಕೇಳುವುದಿಲ್ಲ. ಮುಂದಿನ ಆಕ್ಸಲಿನಿಂದ 40 ಸೆಂ.ಮೀ. ಮುಂದೆ 30 ಕೆ.ಜಿ. ಕಟ್ಟಿದರೆ ಅದರಲ್ಲಿ 40 ಕೆ.ಜಿ. ವಾಪಸ್ ಬರುತ್ತದೆ. ಟ್ರೇಲರ್ ಅಥವಾ ದಿಮ್ಮಿ ಎಳೆಯುವುದಿದ್ದರೆ ಕೊಂಡಿ ಆಕ್ಸಲಿನ ಮಧ್ಯರೇಖೆಗಿಂತ ಕೆಳಗೇ ಇರಬೇಕು. ಮೇಲಿದ್ದರೆ ಗಾಡಿ ಮೂತಿ ಎತ್ತಿ ಓಡಿಸುವವರ ಮೇಲೆಯೇ ಮಗುಚುತ್ತದೆ, ತಪ್ಪಿಸಿಕೊಳ್ಳಲು ಸಮಯ ಸಿಗುವುದಿಲ್ಲ.

ಮೊದಲ ಒಂದು ಗಂಟೆಯ ಕೆಲಸದ ನಂತರ ಎಲ್ಲ ಬೋಲ್ಟುಗಳ ಟಾರ್ಕ್ ಮತ್ತೆ ನೋಡಿ. ಬೋಲ್ಟಿನ ಬುಡ ಒರೆಸಿ ಒಣಗಿಸಿ, ಮಾರನೇ ದಿನ ಅಲ್ಲಿ ಆಯಿಲ್ ಜಿನುಗಿದ್ದರೆ ಹಿಚ್ ಕಳಚಿಟ್ಟು ಬಿರುಕು ಹುಡುಕಿ.